ನಲ್ಲಿ ನೀರು, ಬಸ್ ಪ್ರಯಾಣ: ಲೆಕ್ಕ ಕೇಳುವ ಸದನ ಎಲ್ಲಿದೆ?

ಬೆಳಗಿನ ಆರು ಗಂಟೆ. ಊರಿನ ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ನೀರುಗಂಟಿ ವಾಲ್ವ್ ತಿರುಗಿಸುತ್ತಾನೆ. ಕೆಳಗಿನ ಕೇರಿಯ ನಲ್ಲಿಗಳು ಮೊದಲು ಒಂದಿಷ್ಟು ಗಾಳಿ ಉಗುಳಿ ಆಮೇಲೆ ನೀರು ಬಿಡುತ್ತವೆ. ಮೇಲಿನ ಕೇರಿಯಲ್ಲೂ ಹೊಸ ಪೈಪಿದೆ, ಹೊಸ ನಲ್ಲಿಯಿದೆ, ಮನೆ ಗೋಡೆಯ ಮೇಲೆ ಯೋಜನೆಯ ಹೆಸರಿದೆ. ನೀರು ಮಾತ್ರ ಅಲ್ಲಿಯವರೆಗೆ ಏರುವುದಿಲ್ಲ. ಹೆಂಗಸರು ಕೊಡ ಹಿಡಿದು ಕೆಳಗಿಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಅರಳಿಕಟ್ಟೆಯ ಬಳಿ ಕಾಲೇಜಿಗೆ ಹೊರಟ ಮಕ್ಕಳು ಸೇರುತ್ತಾರೆ. ಬಸ್ಸು ಬರುತ್ತದೆ, ಫುಟ್‌ಬೋರ್ಡಿನವರೆಗೂ ಜನ ತುಂಬಿದ್ದರಿಂದ ನಿಲ್ಲದೆ ಹೋಗುತ್ತದೆ.

ಎರಡೂ ಕಡೆ ಸರ್ಕಾರದ ಹಣ ಖರ್ಚಾಗಿದೆ. ಪೈಪಿಗೆ ದೆಹಲಿಯಿಂದ ಅರ್ಧ, ಬೆಂಗಳೂರಿನಿಂದ ಅರ್ಧ. ಬಸ್ಸಿಗೆ ರಾಜ್ಯದ ಬೊಕ್ಕಸದಿಂದ. ಹಾಗಿದ್ದರೆ ಆ ಹಣ ಏನಾಯಿತು ಎಂದು ಕೇಳಬೇಕಾದವರು ಯಾರು? ನಾವು ಹೆಚ್ಚಾಗಿ ಶಾಸಕರ ಮನೆ ಬಾಗಿಲಿಗೆ ಹೋಗಿ ಇನ್ನೊಂದು ಬೋರ್‌ವೆಲ್ ಕೊಡಿಸಿ, ಇನ್ನೊಂದು ಟ್ರಿಪ್ ಬಸ್ ಹಾಕಿಸಿ ಎಂದು ಕೇಳುತ್ತೇವೆ. ಆದರೆ ಶಾಸಕರಿಗೂ ಸಂಸದರಿಗೂ ಸಂವಿಧಾನ ಕೊಟ್ಟ ದೊಡ್ಡ ಕೆಲಸ ಬೇರೆ. ಈಗಾಗಲೇ ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು. ಆ ಕೆಲಸ ಹೇಗೆ ನಡೆಯುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ನಮಗೆ ಅರ್ಧ ಮಾತ್ರ ಗೊತ್ತು.

ಮಾರ್ಚ್ ತಿಂಗಳ ಮತ

ಸರ್ಕಾರಕ್ಕೆ ಬರುವ ತೆರಿಗೆ, ಸಾಲ ಎಲ್ಲವೂ ಸಂಚಿತ ನಿಧಿಗೆ ಸೇರುತ್ತವೆ. ಸದನದ ಒಪ್ಪಿಗೆ ಇಲ್ಲದೆ ಅದರಿಂದ ಒಂದು ರೂಪಾಯಿ ತೆಗೆಯುವಂತಿಲ್ಲ. ಆದ್ದರಿಂದ ಪ್ರತಿ ಇಲಾಖೆಯೂ ತನಗೆ ಇಷ್ಟು ಬೇಕು ಎಂದು ಅನುದಾನದ ಬೇಡಿಕೆ ಮುಂದಿಡುತ್ತದೆ. ಲೋಕಸಭೆ ಅಥವಾ ವಿಧಾನಸಭೆ ಅದನ್ನು ಚರ್ಚಿಸಿ ಮತ ಹಾಕುತ್ತದೆ. ಬಳಿಕ ಧನವಿನಿಯೋಗ ಮಸೂದೆ ಅಂಗೀಕಾರವಾಗಿ ಹಣ ಇಲಾಖೆಯ ಕೈ ಸೇರುತ್ತದೆ.

ಸದಸ್ಯರಿಗೆ ಇಲ್ಲಿ ಕಡಿತ ಸೂಚನೆ ಎಂಬ ಅಸ್ತ್ರವಿದೆ. ಇಲಾಖೆಯ ನೀತಿಯೇ ತಪ್ಪು ಎನಿಸಿದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎನ್ನಬಹುದು. ಒಂದು ನಿರ್ದಿಷ್ಟ ಕುಂದುಕೊರತೆ ಹೇಳಬೇಕಿದ್ದರೆ ನೂರು ರೂಪಾಯಿ ಕಡಿಮೆ ಮಾಡಿ ಎನ್ನಬಹುದು. ಬಹುಮತ ಸರ್ಕಾರದ ಕಡೆಗಿರುವಾಗ ಇಂಥ ಸೂಚನೆ ಗೆಲ್ಲುವುದು ತೀರಾ ಅಪರೂಪ. ಆದರೂ ಸಚಿವರು ಎದ್ದು ನಿಂತು ಉತ್ತರ ಕೊಡಲೇಬೇಕಾಗುತ್ತದೆ. ಒಂದು ಊರಿನ ನೀರಿನ ಕಷ್ಟ ಸದನದ ಕಡತದಲ್ಲಿ ದಾಖಲಾಗುತ್ತದೆ.

ಚರ್ಚೆಗೆ ಸಮಯ ಸಿಕ್ಕರೆ ಮಾತ್ರ ಇದೆಲ್ಲ. ಲೋಕಸಭೆಯಲ್ಲಿ ಕೆಲವೇ ಸಚಿವಾಲಯಗಳ ಬೇಡಿಕೆಗಳನ್ನು ಆಯ್ದು ಚರ್ಚಿಸುತ್ತಾರೆ. ಗೊತ್ತುಪಡಿಸಿದ ದಿನ ಸಂಜೆಯಾಗುತ್ತಿದ್ದಂತೆ ಉಳಿದ ಎಲ್ಲ ಬೇಡಿಕೆಗಳನ್ನೂ ಒಟ್ಟಾಗಿ ಮತಕ್ಕೆ ಹಾಕುತ್ತಾರೆ. ಇದಕ್ಕೆ ಗಿಲೊಟಿನ್ ಎನ್ನುತ್ತಾರೆ. 2018ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಒಂದೂ ಸಚಿವಾಲಯದ ಬೇಡಿಕೆ ಚರ್ಚೆಯಾಗದೆ ಇಡೀ ಬಜೆಟ್ ಸುಮಾರು ಅರ್ಧ ಗಂಟೆಯಲ್ಲಿ ಅಂಗೀಕಾರವಾಯಿತು. 2023ರ ಮಾರ್ಚ್‌ನಲ್ಲೂ ಹಾಗೆಯೇ ಆಯಿತು. ಆ ವರ್ಷದ ಬಜೆಟ್ ಸುಮಾರು 45 ಲಕ್ಷ ಕೋಟಿ ರೂಪಾಯಿಯದು. ಹೆದ್ದಾರಿ, ರೈಲು, ಕುಡಿಯುವ ನೀರು ಎಲ್ಲವೂ ಅದರೊಳಗಿದ್ದವು. ಗದ್ದಲ ಮಾಡಿದವರು ಯಾರು, ಯಾವ ಪಕ್ಷ ಎಂದು ವಾದ ಮಾಡಬಹುದು. ಕೇಳಬೇಕಾಗಿದ್ದ ಪ್ರಶ್ನೆಗಳು ಮಾತ್ರ ಆ ವರ್ಷ ಸದನದಲ್ಲಿ ಕೇಳಿಬರಲಿಲ್ಲ.

ಬಾಗಿಲು ಮುಚ್ಚಿದ ಕೋಣೆಯಲ್ಲಿ

ಗದ್ದಲವಿಲ್ಲದೆ ಕೆಲಸ ನಡೆಯುವ ಜಾಗವೊಂದು ಸಂಸತ್ತಿನಲ್ಲಿ ಇದೆ. ಅದೇ ಇಲಾಖಾವಾರು ಸ್ಥಾಯಿ ಸಮಿತಿಗಳು. 1993ರಲ್ಲಿ 17 ಇದ್ದವು, 2004ರಿಂದ 24 ಇವೆ. ಒಂದೊಂದರಲ್ಲೂ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರು. ಸಚಿವರಾದವರು ಇದರಲ್ಲಿರುವಂತಿಲ್ಲ. ಜಲ ಸಂಪನ್ಮೂಲಕ್ಕೆ ಒಂದು ಸಮಿತಿ, ರೈಲ್ವೆಗೆ ಒಂದು. ರಸ್ತೆ, ಹಡಗು, ವಿಮಾನ ಸೇರಿದ ಸಾರಿಗೆಗೆ ಮತ್ತೊಂದು.

ಬಜೆಟ್ ಮಂಡನೆಯಾಗಿ ಕೆಲ ದಿನಗಳ ಬಳಿಕ ಸಂಸತ್ತು ಕೆಲವು ವಾರ ಬಿಡುವು ಪಡೆಯುವುದನ್ನು ನೀವು ಗಮನಿಸಿರಬಹುದು. ಆ ಬಿಡುವು ಇರುವುದೇ ಈ ಸಮಿತಿಗಳಿಗಾಗಿ. ಇಲಾಖೆಯ ಕಾರ್ಯದರ್ಶಿ ಕಡತಗಳೊಂದಿಗೆ ಬಂದು ಕೂರುತ್ತಾರೆ. ಕಳೆದ ವರ್ಷ ಎಷ್ಟು ಕೇಳಿದಿರಿ, ಎಷ್ಟು ಸಿಕ್ಕಿತು, ಎಷ್ಟು ಖರ್ಚಾಯಿತು, ಉಳಿದದ್ದು ಏಕೆ ಉಳಿಯಿತು ಎಂದು ಸದಸ್ಯರು ಕೇಳುತ್ತಾರೆ. ಟಿ.ವಿ. ಕ್ಯಾಮೆರಾ ಒಳಗಿರುವುದಿಲ್ಲ. ಸಚಿವರನ್ನು ಕರೆಯುವಂತಿಲ್ಲ. ಇದರಿಂದ ಜನರಿಗೆ ಒಳಗಿನ ಮಾತು ಕೇಳಿಸುವುದಿಲ್ಲ ಎಂಬ ಕೊರತೆ ನಿಜ. ಆದರೆ ಇದೇ ಕಾರಣಕ್ಕೆ ಆಳುವ ಪಕ್ಷದ ಸಂಸದರೂ ಇಲ್ಲಿ ಬಾಯಿಬಿಟ್ಟು ಪ್ರಶ್ನೆ ಕೇಳುತ್ತಾರೆ, ಪಕ್ಷಭೇದ ಮರೆತ ವರದಿಗಳು ಹೊರಬರುತ್ತವೆ. ನಮ್ಮ ಸಂಸದೀಯ ವ್ಯವಸ್ಥೆಯಲ್ಲಿ ಇಂದು ನಿಜವಾಗಿ ಉಸಿರಾಡುತ್ತಿರುವ ಭಾಗ ಇದು ಎಂದು ನಾನು ನಂಬಿದ್ದೇನೆ.

ಜಲ ಜೀವನ್ ಮಿಷನ್ ಇಂಥ ಪರಿಶೀಲನೆ ಏಕೆ ಬೇಕು ಎಂಬುದಕ್ಕೆ ಒಳ್ಳೆಯ ಉದಾಹರಣೆ. 2019ರ ಆಗಸ್ಟ್ 15ರಂದು ಯೋಜನೆ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ 3.23 ಕೋಟಿ ಮನೆಗಳಿಗೆ ಮಾತ್ರ ನಲ್ಲಿ ಇತ್ತು. 2024ರೊಳಗೆ ಎಲ್ಲ ಮನೆಗೂ ನಲ್ಲಿ ಎಂಬ ಗುರಿ, 3.60 ಲಕ್ಷ ಕೋಟಿ ರೂಪಾಯಿಯ ಅಂದಾಜು. 2025ರ ಬಜೆಟ್ ಭಾಷಣದ ಹೊತ್ತಿಗೆ 15 ಕೋಟಿ ಮನೆಗಳಿಗೆ ನಲ್ಲಿ ಬಂದಿದೆ ಎಂದು ಹಣಕಾಸು ಸಚಿವರು ಹೇಳಿದರು, ಗಡುವನ್ನು 2028ಕ್ಕೆ ವಿಸ್ತರಿಸಿದರು. ಇದು ಸಣ್ಣ ಸಾಧನೆಯಲ್ಲ. ತಲೆಮಾರುಗಳಿಂದ ನೀರು ಹೊತ್ತ ಹೆಂಗಸರ ಹೆಗಲಿಗೆ ಸಿಕ್ಕ ಬಿಡುವನ್ನು ಯಾರೂ ಹಗುರವಾಗಿ ಕಾಣಬಾರದು.

ಇದರ ಜೊತೆಗೇ ಇನ್ನೊಂದು ಅಂಕಿಯನ್ನೂ ನೋಡಬೇಕು. 2024-25ರ ಬಜೆಟ್‌ನಲ್ಲಿ ಈ ಯೋಜನೆಗೆ 70,163 ಕೋಟಿ ರೂಪಾಯಿ ಇಟ್ಟಿದ್ದರು. ವರ್ಷದ ಕೊನೆಯ ಪರಿಷ್ಕೃತ ಅಂದಾಜಿನಲ್ಲಿ ಅದು 22,694 ಕೋಟಿಗೆ ಇಳಿಯಿತು. ಸದನ ಮತ ಹಾಕಿದ್ದು ಮೊದಲ ಅಂಕಿಗೆ, ಹಳ್ಳಿಗೆ ಹರಿಯುವುದು ಎರಡನೆಯ ಅಂಕಿ. ನಡುವೆ ಏನಾಯಿತು? ಅರ್ಧಕ್ಕೆ ನಿಂತ ಟ್ಯಾಂಕ್ ಯಾವ ಊರಿನದು, ಬಿಲ್ ಬಾರದೆ ಕೆಲಸ ಬಿಟ್ಟ ಗುತ್ತಿಗೆದಾರ ಎಲ್ಲಿಯವನು? ಇದನ್ನು ಕಾರ್ಯದರ್ಶಿಯ ಮುಂದಿಟ್ಟು ಸಾಲು ಸಾಲಾಗಿ ಕೇಳಲು ಸಾಧ್ಯವಿರುವುದು ಸಮಿತಿಯ ಮೇಜಿನ ಮುಂದೆ ಮಾತ್ರ.

ಎಣಿಕೆಯ ಪ್ರಶ್ನೆಯೂ ಇದೆ. ಯೋಜನೆಯ ನಿಯಮದಂತೆ ನಲ್ಲಿ ಇದ್ದರೆ ಸಾಲದು. ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್‌ನಂತೆ, ಕುಡಿಯಲು ಯೋಗ್ಯವಾದ ನೀರು, ನಿಯಮಿತವಾಗಿ ಬರಬೇಕು. ನಲ್ಲಿ ಎಣಿಸುವುದು ಸುಲಭ, ನೀರು ಅಳೆಯುವುದು ಕಷ್ಟ. ಮೇಲಿನ ಕೇರಿಯ ಒಣ ನಲ್ಲಿಯೂ ಎಣಿಕೆಯ ಮಟ್ಟಿಗೆ ಒಂದು ನಲ್ಲಿಯೇ. ಆದ್ದರಿಂದ ಈಚಿನ ವರ್ಷಗಳಲ್ಲಿ ಪ್ರಶ್ನೆ ಎಷ್ಟು ಮನೆ ಎಂಬುದರಿಂದ ಎಷ್ಟು ನೀರು, ಎಂಥ ನೀರು ಎಂಬಲ್ಲಿಗೆ ಸರಿದಿದೆ.

ಖರ್ಚಾದ ಮೇಲಿನ ಲೆಕ್ಕ

ಸ್ಥಾಯಿ ಸಮಿತಿ ಮುಂದಿನ ಖರ್ಚನ್ನು ನೋಡಿದರೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಆಗಿಹೋದ ಖರ್ಚನ್ನು ನೋಡುತ್ತದೆ. ಬ್ರಿಟನ್‌ನಲ್ಲಿ 1861ರಲ್ಲಿ ಹುಟ್ಟಿದ ಈ ಏರ್ಪಾಡು ಇಲ್ಲಿಗೆ 1921ರಲ್ಲಿ ಬಂತು. ಮೊದಲ ಮೂರು ದಶಕ ಹಣಕಾಸು ಹೊಣೆ ಹೊತ್ತವರೇ ಅದರ ಅಧ್ಯಕ್ಷರಾಗಿರುತ್ತಿದ್ದರು. ಖರ್ಚು ಮಾಡಿದವರೇ ಲೆಕ್ಕ ನೋಡುವ ಈ ಪದ್ಧತಿ 1950ರಲ್ಲಿ ಕೊನೆಗೊಂಡಿತು. 1967ರಲ್ಲಿ ಮಿನೂ ಮಸಾನಿ ಅಧ್ಯಕ್ಷರಾದ ಮೇಲೆ ಈ ಸ್ಥಾನ ವಿರೋಧ ಪಕ್ಷಕ್ಕೆ ಎಂಬ ಸಂಪ್ರದಾಯ ನಿಂತಿತು. ನಮ್ಮ ಮಲ್ಲಿಕಾರ್ಜುನ ಖರ್ಗೆ 2014ರ ಫೆಬ್ರುವರಿಯಲ್ಲಿ ಸಚಿವರಾಗಿ ಮಧ್ಯಂತರ ರೈಲ್ವೆ ಬಜೆಟ್ ಮಂಡಿಸಿದವರು. 2017ರಿಂದ 2019ರವರೆಗೆ ಇದೇ ಸಮಿತಿಯ ಅಧ್ಯಕ್ಷರಾಗಿ ಲೆಕ್ಕ ಕೇಳುವ ಕಡೆ ಕೂತರು.

ಸಮಿತಿಗೆ ಕಣ್ಣು ಮತ್ತು ಕಿವಿ ಎರಡೂ ಸಿಎಜಿ, ಅಂದರೆ ಮಹಾಲೆಕ್ಕಪರಿಶೋಧಕರು. ಅವರ ತಂಡ ಜಿಲ್ಲೆಗಳಿಗೆ ಹೋಗಿ, ಅಳತೆ ಪುಸ್ತಕ ತೆರೆದು, ಪೈಪು ಇದೆಯೇ, ಪಂಪು ಓಡುತ್ತಿದೆಯೇ ಎಂದು ನೋಡುತ್ತದೆ. ಕೇಂದ್ರದ ವರದಿ ಸಂಸತ್ತಿಗೆ ಹೋಗುತ್ತದೆ, ರಾಜ್ಯದ್ದು ರಾಜ್ಯಪಾಲರ ಮೂಲಕ ವಿಧಾನಮಂಡಲಕ್ಕೆ ಬರುತ್ತದೆ.

ಜಲ ಜೀವನ್‌ಗೆ ಮುಂಚೆ ಇದ್ದ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರಿನ ಯೋಜನೆಯ ಬಗ್ಗೆ ಸಿಎಜಿ 2018ರಲ್ಲಿ ಕೊಟ್ಟ ವರದಿಯನ್ನು ಓದಿದರೆ ಮನಸ್ಸು ಭಾರವಾಗುತ್ತದೆ. 2012ರಿಂದ 2017ರವರೆಗಿನ ಐದು ವರ್ಷದಲ್ಲಿ 81,168 ಕೋಟಿ ರೂಪಾಯಿ ಖರ್ಚಾಗಿತ್ತು. ಪ್ರತಿ ವ್ಯಕ್ತಿಗೆ ದಿನಕ್ಕೆ 40 ಲೀಟರ್ ಸಿಗುವ ಜನವಸತಿಗಳು ಇದರಿಂದ ಶೇ 8ರಷ್ಟು ಮಾತ್ರ ಹೆಚ್ಚಿದವು. 55 ಲೀಟರ್ ಮಟ್ಟದಲ್ಲಿ ಹೆಚ್ಚಳ ಶೇ 5.5. ಐದು ವರ್ಷ ಸದನ ಮತ ಹಾಕಿತ್ತು, ಐದು ವರ್ಷ ಬಳಕೆ ಪ್ರಮಾಣಪತ್ರಗಳು ದೆಹಲಿಗೆ ಹೋಗಿದ್ದವು. ಸತ್ಯ ಸದನದ ಮುಂದೆ ಬಂದದ್ದು ಹಣವೆಲ್ಲ ನೆಲದೊಳಗೆ ಹೂತ ಮೇಲೆ.

ಇಡೀ ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಇದೇ ಎಂದು ನನಗೆ ತೋರುತ್ತದೆ. ಸದನಕ್ಕೆ ಅಧಿಕಾರ ಕಡಿಮೆಯಿಲ್ಲ. ಕಡತ ತರಿಸಬಹುದು, ಅಧಿಕಾರಿಯನ್ನು ಕರೆಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ತಡವಾಗುತ್ತದೆ, ಅಷ್ಟೇ. ಆ ತಡದಲ್ಲೇ ಎಲ್ಲ ಸೋರಿಹೋಗುತ್ತದೆ. ಕಾಮಗಾರಿ ಮಾಡಿಸಿದ ಎಂಜಿನಿಯರ್ ನಿವೃತ್ತರಾಗಿರುತ್ತಾರೆ, ಕಾರ್ಯದರ್ಶಿ ಬೇರೆ ಇಲಾಖೆಗೆ ಹೋಗಿರುತ್ತಾರೆ, ಸಚಿವರೂ ಬದಲಾಗಿರುತ್ತಾರೆ. ಬೇರೆಯವರು ಮಾಡಿದ್ದಕ್ಕೆ ಹೊಸಬರು ಬಂದು ವಿಷಾದ ವ್ಯಕ್ತಪಡಿಸುತ್ತಾರೆ.

ಒಂದು ಲಕ್ಷ ಕೋಟಿಯ ಸುರಕ್ಷತಾ ನಿಧಿ

ತಡದ ಮಾತು ಬಂದಾಗ ರೈಲಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. 1924ರಲ್ಲಿ ಆಕ್ವರ್ತ್ ಸಮಿತಿಯ ಸಲಹೆಯಂತೆ ರೈಲ್ವೆ ಹಣಕಾಸನ್ನು ಸಾಮಾನ್ಯ ಬಜೆಟ್‌ನಿಂದ ಬೇರೆ ಮಾಡಿದ್ದರು. ಕೆಂಗಲ್ ಹನುಮಂತಯ್ಯ, ಟಿ.ಎ. ಪೈ, ಸಿ.ಕೆ. ಜಾಫರ್ ಷರೀಫ್, ಖರ್ಗೆ, ಡಿ.ವಿ. ಸದಾನಂದ ಗೌಡ ಹೀಗೆ ಕನ್ನಡ ನಾಡಿನ ಹಲವರು ಆ ಖಾತೆ ನೋಡಿಕೊಂಡವರು. ರೈಲ್ವೆ ಬಜೆಟ್ ದಿನ ನಮ್ಮೂರಿಗೆ ಹೊಸ ರೈಲು ಬಂತೇ ಎಂದು ಇಡೀ ರಾಜ್ಯ ರೇಡಿಯೊ ಹಚ್ಚಿ ಕೂರುತ್ತಿತ್ತು. 2017ರಲ್ಲಿ ಅದು ಸಾಮಾನ್ಯ ಬಜೆಟ್‌ನಲ್ಲಿ ವಿಲೀನವಾಯಿತು. ಹೊಸ ರೈಲು ಘೋಷಿಸುವ ಪೈಪೋಟಿ ನಿಂತದ್ದು ಒಳ್ಳೆಯದೇ. ರೈಲ್ವೆಯ ಲೆಕ್ಕ ಪ್ರತ್ಯೇಕವಾಗಿ ದೇಶದ ಗಮನಕ್ಕೆ ಬರುತ್ತಿದ್ದ ಒಂದು ದಿನವೂ ಅದರೊಂದಿಗೆ ಹೋಯಿತು.

ಅದೇ ವರ್ಷ ರಾಷ್ಟ್ರೀಯ ರೈಲು ಸಂರಕ್ಷಾ ಕೋಶ ಆರಂಭವಾಯಿತು. ಹಳಿ ಬದಲಿಸಲು, ಸುರಕ್ಷತೆ ಹೆಚ್ಚಿಸಲು ಐದು ವರ್ಷಕ್ಕೆ ಒಂದು ಲಕ್ಷ ಕೋಟಿ ರೂಪಾಯಿ. ವರ್ಷಕ್ಕೆ 20,000 ಕೋಟಿ. ಅದರಲ್ಲಿ 15,000 ಕೋಟಿ ಬಜೆಟ್‌ನಿಂದ, 5,000 ಕೋಟಿ ರೈಲ್ವೆಯ ಸ್ವಂತ ಆದಾಯದಿಂದ. ಸಿಎಜಿ ತಂಡ 2017-18ರಿಂದ ನಾಲ್ಕು ವರ್ಷದ ಲೆಕ್ಕ ತೆಗೆದು ನೋಡಿತು. ರೈಲ್ವೆ ತಾನೇ ಹಾಕಬೇಕಿದ್ದ 20,000 ಕೋಟಿಯಲ್ಲಿ 15,775 ಕೋಟಿ ಹಾಕಿರಲೇ ಇಲ್ಲ. ಆದ್ಯತೆಯಿಲ್ಲದ ಕೆಲಸಗಳಿಗೆ ಈ ನಿಧಿಯಿಂದ ಹೋದ ಪಾಲು ಏರುತ್ತ ಬಂದಿತ್ತು.

ಆ ವರದಿ 2022ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಹೆಚ್ಚು ಜನ ಗಮನಿಸಲಿಲ್ಲ. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದ ಬಳಿ ಮೂರು ರೈಲುಗಳ ಅಪಘಾತವಾಯಿತು. ಅವುಗಳಲ್ಲಿ ಒಂದು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೌರಾಕ್ಕೆ ಹೊರಟಿದ್ದ ಎಕ್ಸ್‌ಪ್ರೆಸ್. 290ಕ್ಕೂ ಹೆಚ್ಚು ಜನ ಸತ್ತರು. ಆಗ ಎಲ್ಲ ಪತ್ರಿಕೆಗಳೂ ಆರು ತಿಂಗಳ ಹಳೆಯ ವರದಿಯನ್ನು ಹುಡುಕಿ ತೆಗೆದವು. ಆ ದುರಂತಕ್ಕೆ ಕಾರಣ ಸಿಗ್ನಲ್ ವ್ಯವಸ್ಥೆಯ ಲೋಪ. ಸಿಎಜಿ ನೋಡಿದ್ದು ಮುಖ್ಯವಾಗಿ ಹಳಿ ತಪ್ಪುವ ಪ್ರಕರಣಗಳನ್ನು. ಒಂದಕ್ಕೊಂದು ನೇರ ಗಂಟು ಹಾಕುವುದು ತಪ್ಪು. ಆದರೆ ಸುರಕ್ಷತೆಗೆ ಇಡಬೇಕಾದ ಹಣ ಇಟ್ಟಿಲ್ಲ ಎಂಬ ಮಾತು ಸದನದ ಮುಂದೆ ಬಂದ ದಿನವೇ ದೇಶ ಅದನ್ನು ಕಿವಿಗೊಟ್ಟು ಕೇಳಬೇಕಿತ್ತು.

ವರದಿಗಳ ಅಂಕಿ ಓದುವಾಗ ಎಚ್ಚರ ಬೇಕು ಎಂಬುದಕ್ಕೂ ಒಂದು ಉದಾಹರಣೆ ಕೊಡಬೇಕು. ದೆಹಲಿಯ ದ್ವಾರಕಾ ಎಕ್ಸ್‌ಪ್ರೆಸ್ ರಸ್ತೆಗೆ ಕಿಲೋಮೀಟರಿಗೆ 18.20 ಕೋಟಿ ಅನುಮೋದನೆಯಾಗಿತ್ತು, ಆದದ್ದು 250.77 ಕೋಟಿ ಎಂದು 2023ರ ಸಿಎಜಿ ವರದಿ ಹೇಳಿತು. 18.20 ಕೋಟಿ ಇಡೀ ದೇಶದ ಯೋಜನೆಯ ಸರಾಸರಿ, ಮೇಲ್ಸೇತುವೆ ಮತ್ತು ಸುರಂಗವಿರುವ ಎಂಟು ಪಥದ ರಸ್ತೆಗೆ ಅದು ಅನ್ವಯಿಸದು ಎಂದು ಸಚಿವಾಲಯ ಉತ್ತರ ಕೊಟ್ಟಿತು. ಟಿ.ವಿ.ಯಲ್ಲಿ ಒಂದು ಸಂಜೆ ಕೂಗಾಡಿದರೆ ಇಂಥ ವ್ಯಾಜ್ಯ ಇತ್ಯರ್ಥವಾಗುವುದಿಲ್ಲ. ಇಬ್ಬರನ್ನೂ ಎದುರು ಕೂರಿಸಿ ಕಡತ ನೋಡಲು ಲೆಕ್ಕಪತ್ರ ಸಮಿತಿಯೇ ಬೇಕು.

ಮಂಡಳಿ, ನಿಗಮ, ಕಂಪನಿ

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ನೀರು ಮತ್ತು ಸಾರಿಗೆಯ ಬಹುಪಾಲು ಇಂದು ನೇರವಾಗಿ ಇಲಾಖೆಗಳ ಕೈಯಲ್ಲಿಲ್ಲ. ಬೆಂಗಳೂರಿನ ನೀರು 1964ರ ಕಾಯ್ದೆಯಡಿ ಹುಟ್ಟಿದ ಜಲಮಂಡಳಿಯದು. ಬಸ್ಸುಗಳು ನಾಲ್ಕು ಸಾರಿಗೆ ನಿಗಮಗಳವು. ಮೆಟ್ರೊ ಕೇಂದ್ರ ಮತ್ತು ರಾಜ್ಯ ಸಮಪಾಲು ಹೊಂದಿರುವ ಕಂಪನಿ. ದೊಡ್ಡ ನೀರಾವರಿ ಯೋಜನೆಗಳು ಕೃಷ್ಣಾ ಭಾಗ್ಯ ಜಲ ನಿಗಮ, ಕಾವೇರಿ ನೀರಾವರಿ ನಿಗಮ, ವಿಶ್ವೇಶ್ವರಯ್ಯ ಜಲ ನಿಗಮದಂಥ ಕಂಪನಿಗಳ ಬಳಿ ಇವೆ.

ಬೇಗ ಕೆಲಸವಾಗಲಿ, ಸಾಲ ಎತ್ತಲು ಅನುಕೂಲವಾಗಲಿ ಎಂದು ಇವನ್ನು ಕಟ್ಟಿದರು. ಉದ್ದೇಶ ತಪ್ಪಲ್ಲ. ಆದರೆ ಇಲಾಖೆಯ ಖರ್ಚು ಬಜೆಟ್ ಪುಸ್ತಕದಲ್ಲಿ ಶೀರ್ಷಿಕೆವಾರು ಬಿಡಿಬಿಡಿಯಾಗಿ ಕಾಣುತ್ತದೆ. ನಿಗಮಕ್ಕೆ ಹೋಗುವ ಸಾವಿರಾರು ಕೋಟಿ ಬಂಡವಾಳ ಹೂಡಿಕೆ ಎಂಬ ಒಂದೆರಡು ಸಾಲಿನಲ್ಲಿ ಮುಗಿಯುತ್ತದೆ. ನಿಗಮ ತಾನೇ ಎತ್ತಿದ ಸಾಲ ಬಹುಕಾಲ ಬಜೆಟ್‌ನ ಹೊರಗೇ ಇರುತ್ತಿತ್ತು. 1999ರಲ್ಲಿ ಸರ್ಕಾರಿ ಖಾತರಿಗೆ ಮಿತಿ ಹಾಕುವ ಕಾಯ್ದೆಯನ್ನೂ 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನೂ ನಮ್ಮ ವಿಧಾನಮಂಡಲ ಮಾಡಿತು. ಆ ಎರಡನೆಯ ಕಾಯ್ದೆ ತಂದ ಮೊದಲ ರಾಜ್ಯ ಕರ್ನಾಟಕ. ಬೇರೆ ರಾಜ್ಯಗಳು ಕಲಿತ ಪಾಠ ಇದು, ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಎತ್ತಿನಹೊಳೆ ಯೋಜನೆಯನ್ನೇ ನೋಡಿ. ಸಕಲೇಶಪುರದ ಹಳ್ಳಗಳ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಒಣ ನೆಲಕ್ಕೆ ಕುಡಿಯಲು ಒಯ್ಯುವ ಯೋಜನೆ. 2012ರಲ್ಲಿ ಅಂದಾಜು ಸುಮಾರು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. ಮುಂದೆ 23,251 ಕೋಟಿ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿತು. ಫ್ಲೋರೈಡ್ ನೀರು ಕುಡಿದು ಮೂಳೆ ಸವೆಸಿಕೊಂಡ ಬಯಲು ಸೀಮೆಯ ಜನರಿಗೆ ಬೇರೆ ನೀರು ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದಕ್ಕಾಗಿಯೇ ಪ್ರತಿ ಸಲ ಅಂದಾಜು ಏರಿದಾಗಲೂ ಸದನ ಅದನ್ನು ಬಿಡಿಸಿ ನೋಡಬೇಕಿತ್ತು: ಭೂಸ್ವಾಧೀನಕ್ಕೆ ಎಷ್ಟು, ವಿದ್ಯುತ್ತಿಗೆ ಎಷ್ಟು, ಬೇಸಿಗೆಯಲ್ಲಿ ಹಳ್ಳದಲ್ಲಿ ಉಳಿಯುವ ನೀರೆಷ್ಟು? ಪರಿಷ್ಕೃತ ಅಂದಾಜಿಗೆ ಒಪ್ಪಿಗೆ ಕೊಡುವುದು ಸಚಿವ ಸಂಪುಟ. ಸದನಕ್ಕೆ ಅದು ಬಹುತೇಕ ಸುದ್ದಿಯಾಗಿ ತಲುಪುತ್ತದೆ.

ಬೆಂಗಳೂರಿನಲ್ಲಿ ಕಥೆ ಇನ್ನೂ ಜಟಿಲ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಂತ ಹಂತವಾಗಿ ಬೆಟ್ಟದೆತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿಸುತ್ತದೆ; ಅದು ಜಪಾನಿನ ಜೈಕಾ ಸಾಲದಲ್ಲಿ ಕಟ್ಟಿದ್ದು, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಮುಂದಿನ ವರ್ಷದ ಏಪ್ರಿಲ್‌ನಲ್ಲಿ, ದಶಕಕ್ಕೂ ಹೆಚ್ಚು ಕಾಲದ ನಂತರ, ನೀರಿನ ದರ ಏರಿತು. ದರ ಏರಿಸದೆ ಮಂಡಳಿ ನಡೆಸಲಾಗದು ಎಂಬ ವಾದಕ್ಕೆ ಆಧಾರವಿದೆ. ಆದರೆ ಸೋರಿಹೋಗುವ ನೀರೆಷ್ಟು, ಬಾಕಿ ಉಳಿಸಿಕೊಂಡ ಸರ್ಕಾರಿ ಕಚೇರಿಗಳು ಯಾವುವು ಎಂದು ಮೊದಲು ಕೇಳುವ ಚುನಾಯಿತ ಸಭೆ ಯಾವುದಿತ್ತು? ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು, ಚುನಾವಣೆ ನಡೆದಿರಲಿಲ್ಲ. ಕೋಟಿಗೂ ಮೀರಿದ ಜನರ ನೀರಿನ ಬಗ್ಗೆ ಪ್ರಶ್ನೆ ಕೇಳಬಲ್ಲ ಏಕೈಕ ಚುನಾಯಿತ ವೇದಿಕೆಯಾಗಿ ಉಳಿದದ್ದು ವಿಧಾನಮಂಡಲ.

ಮೆಟ್ರೊ ದರದಲ್ಲಂತೂ ಅದೂ ಉಳಿಯಲಿಲ್ಲ. 2002ರ ಮೆಟ್ರೊ ಕಾಯ್ದೆಯಡಿ ರಚನೆಯಾಗುವ ದರ ನಿಗದಿ ಸಮಿತಿ ಹೇಳಿದ್ದನ್ನು ಮೆಟ್ರೊ ಆಡಳಿತ ಪಾಲಿಸಲೇಬೇಕು. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ರಾಜ್ಯ ಕೇಂದ್ರದ ಕಡೆಗೆ, ಕೇಂದ್ರ ರಾಜ್ಯದ ಕಡೆಗೆ ಬೆರಳು ತೋರಿಸಿತು. ಇಬ್ಬರೂ ಒಡೆಯರಾದ ಕಂಪನಿಗೆ ಎರಡು ಸದನಗಳೂ ಲೆಕ್ಕ ಕೇಳಬಹುದು ಎಂಬುದು ನಿಯಮ. ಪ್ರಯಾಣಿಕರಿಗೆ ಆ ವಾರ ಎರಡರಿಂದಲೂ ಉತ್ತರ ಸಿಗಲಿಲ್ಲ.

ಬಸ್ಸಿನ ಲೆಕ್ಕ

ಸಾರಿಗೆ ನಿಗಮಗಳಿಗೆ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಂತೆ ಸಿಎಜಿ ಒಬ್ಬರೇ ಲೆಕ್ಕಪರಿಶೋಧಕರು. ವರದಿ ಸದನಕ್ಕೆ ಬರುತ್ತದೆ, ಸಾರ್ವಜನಿಕ ಉದ್ಯಮಗಳ ಸಮಿತಿ ಅದನ್ನು ನೋಡುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಈ ಪರಿಶೀಲನೆಗೆ ಹೊಸ ಮಹತ್ವ ಬಂದಿದೆ. ಹೆಂಗಸರಿಗೆ ಕೊಡುವ ಶೂನ್ಯ ಟಿಕೆಟ್‌ನ ಬೆಲೆಯನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು.

ಕೂಲಿಗೆ, ಕಾಲೇಜಿಗೆ, ಆಸ್ಪತ್ರೆಗೆ ಯಾರ ಬಳಿಯೂ ಕೈಚಾಚದೆ ಹೊರಡುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಈ ಯೋಜನೆಯ ಬೆಲೆ ಗೊತ್ತು. ಅದು ಉಳಿಯಬೇಕಾದರೆ ಸರ್ಕಾರ ತುಂಬಿಕೊಡುವ ಹಣ ಸಕಾಲಕ್ಕೆ, ಪೂರ್ತಿಯಾಗಿ ಬರಬೇಕು. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಸುಮಾರು ಅದೇ ಹೊತ್ತಿಗೆ ಇಂಧನ ಮತ್ತು ಭವಿಷ್ಯನಿಧಿ ಬಾಕಿ ತೀರಿಸಲು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿತು. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯೋಜನೆ ಬೇಕೋ ಬೇಡವೋ ಎಂಬುದಲ್ಲ. ಸರ್ಕಾರ ನಿಗಮಕ್ಕೆ ಎಷ್ಟು ಬಾಕಿ ಇಟ್ಟಿದೆ, ಹೊಸ ಬಸ್ಸು ಎಷ್ಟು ಬಂದವು, ಯಾವ ಹಳ್ಳಿಯ ಟ್ರಿಪ್ ನಿಂತಿದೆ? ವಿಧಾನಸಭೆಯಲ್ಲಿ ನಡೆಯುವ ಗದ್ದಲದಲ್ಲಿ ಇಂಥ ಸಣ್ಣ, ಖಚಿತ ಪ್ರಶ್ನೆಗಳು ಕೇಳಿಸುವುದೇ ಇಲ್ಲ.

ಅರವತ್ತು ದಿನ

1881ರಲ್ಲಿ ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದಾಗ ಸದಸ್ಯರಿಗೆ ಮತದ ಅಧಿಕಾರ ಇರಲಿಲ್ಲ. ತಾಲ್ಲೂಕಿನ ಕೆರೆ, ರಸ್ತೆಯ ಅಹವಾಲನ್ನು ಹೇಳಿ ಬರುತ್ತಿದ್ದರು. ಇಂದಿನ ಶಾಸಕರಿಗೆ ಅಧಿಕಾರ ಇದೆ, ಕೂರುವ ದಿನಗಳು ಕಡಿಮೆ. ವರ್ಷಕ್ಕೆ ಕನಿಷ್ಠ 60 ದಿನ ವಿಧಾನಮಂಡಲ ಸೇರಬೇಕು ಎಂದು 2005ರಲ್ಲಿ ನಾವೇ ಕಾಯ್ದೆ ಮಾಡಿಕೊಂಡೆವು. ಆ ಮಟ್ಟ ಮುಟ್ಟದ ವರ್ಷಗಳೇ ಹೆಚ್ಚು.

ರಾಜ್ಯದಲ್ಲಿ ಲೆಕ್ಕಪತ್ರ ಸಮಿತಿ, ಅಂದಾಜು ಸಮಿತಿ, ಸಾರ್ವಜನಿಕ ಉದ್ಯಮಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ ಎಲ್ಲವೂ ಇವೆ. ಒಂದು ವಿಷಯ ಹಿಡಿದು ತನಿಖೆ ಮಾಡುವ ಸದನ ಸಮಿತಿಗಳೂ ಆಗಾಗ ರಚನೆಯಾಗುತ್ತವೆ. ಬೆಂಗಳೂರಿನ ಕೆರೆ ಒತ್ತುವರಿ ಕುರಿತು ಕೆ.ಬಿ. ಕೋಳಿವಾಡ ನೇತೃತ್ವದ ಸಮಿತಿ 2017ರಲ್ಲಿ ವರದಿ ಕೊಟ್ಟಿತು. ಶ್ರಮದ ಕೆಲಸ ಅದು, ಕೆರೆ ಕೆರೆ ಲೆಕ್ಕ ಹಾಕಿದ್ದರು. ಮಳೆ ಬಂದಾಗಲೆಲ್ಲ ಮನೆಯೊಳಗೆ ನೀರು ನುಗ್ಗುವ ಬಡಾವಣೆಗಳನ್ನು ನೋಡಿದರೆ ಆ ವರದಿಯ ಹಿಂದೆ ಬಿದ್ದು ಕೆಲಸ ಮಾಡಿಸಿದವರು ಸಾಲಲಿಲ್ಲ ಎಂಬುದು ತಿಳಿಯುತ್ತದೆ.

ಬಜೆಟ್ ಮಂಡನೆ ಮತ್ತು ಮತದ ನಡುವೆ ಬೇಡಿಕೆಗಳನ್ನು ಸಮಿತಿಗೆ ಕಳಿಸುವ ಪದ್ಧತಿ ನೆರೆಯ ಕೇರಳದಲ್ಲಿ ವಿಷಯ ಸಮಿತಿಗಳ ರೂಪದಲ್ಲಿ 1980ರಿಂದಲೇ ಇದೆ. ಸಂಸತ್ತಿಗಿಂತ ಮುಂಚೆ ಅವರು ಆರಂಭಿಸಿದರು. ಗ್ರಾಮೀಣ ನೀರು ಸರಬರಾಜು, ಸಾರಿಗೆ, ನಗರಾಭಿವೃದ್ಧಿ ಈ ಮೂರು ಇಲಾಖೆಗಳ ಬೇಡಿಕೆಯನ್ನಾದರೂ ಹತ್ತು ಹದಿನೈದು ಶಾಸಕರು ಪ್ರತಿ ಮಾರ್ಚ್‌ನಲ್ಲಿ ಒಂದು ವಾರ ಕೂತು ಸಾಲು ಸಾಲು ಓದಿದರೆ ನಮ್ಮಲ್ಲೂ ಬಹಳ ಬದಲಾಗುತ್ತದೆ. ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆ ಕೊಟ್ಟ ಕಾಮಗಾರಿಗಳ ಪಟ್ಟಿಯನ್ನು ಮೊದಲ ದಿನವೇ ಕೇಳಿ ಪಡೆಯಲಿ. ಆ ವಾರದಲ್ಲಿ ಕ್ಷೇತ್ರದ ಮದುವೆ, ಗೃಹಪ್ರವೇಶ ತಪ್ಪಿದರೆ ಮತದಾರರಾದ ನಾವು ಕ್ಷಮಿಸಬೇಕು.

ನಾಲ್ಕನೇ ಅಧ್ಯಾಯ

ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆದರೆ ಉತ್ತರ ಕೊಡದೆ ಇರುವಂತಿಲ್ಲ. ಸಂಸತ್ತಿನಲ್ಲಿ ಸ್ಥಾಯಿ ಸಮಿತಿಯ ವರದಿಗೆ ಮೂರು ತಿಂಗಳಲ್ಲಿ, ಲೆಕ್ಕಪತ್ರ ಸಮಿತಿಯ ವರದಿಗೆ ಆರು ತಿಂಗಳಲ್ಲಿ ಸರ್ಕಾರ ತಾನು ಏನು ಮಾಡಿದೆ ಎಂದು ತಿಳಿಸಬೇಕು. ಆ ಉತ್ತರಗಳನ್ನು ನೋಡಿ ಸಮಿತಿ ಮತ್ತೊಂದು ವರದಿ ಮಂಡಿಸುತ್ತದೆ. ಅದಕ್ಕೆ ಕ್ರಮ ಕೈಗೊಂಡ ವರದಿ ಎನ್ನುತ್ತಾರೆ.

ಪತ್ರಿಕೆಗಳಲ್ಲಿ ಮೊದಲ ವರದಿ ಸುದ್ದಿಯಾಗುತ್ತದೆ. ಈ ಎರಡನೆಯದು ಹೆಚ್ಚಾಗಿ ಆಗುವುದಿಲ್ಲ. ನಮಗೆ ಬೇಕಾದದ್ದು ಇದರಲ್ಲೇ ಇದೆ. ಇದನ್ನು ಅಧ್ಯಾಯವಾರು ವಿಂಗಡಿಸಿರುತ್ತಾರೆ. ಎರಡನೇ ಅಧ್ಯಾಯದಲ್ಲಿ ಸರ್ಕಾರ ಒಪ್ಪಿದ ಶಿಫಾರಸುಗಳು. ಮೂರನೆಯದರಲ್ಲಿ ಉತ್ತರ ನೋಡಿ ಸಮಿತಿ ಕೈಬಿಟ್ಟವು. ನಾಲ್ಕನೆಯದರಲ್ಲಿ ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೆ ಇದ್ದವು. ಐದನೆಯದರಲ್ಲಿ ಪೂರ್ತಿ ಉತ್ತರ ಇನ್ನೂ ಬಾರದವು.

ಲೋಕಸಭೆಯ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ, ಸಿಎಜಿಯ ಕರ್ನಾಟಕದ ವರದಿಗಳೂ ಅದರ ತಾಣದಲ್ಲಿವೆ. ಕೆಲಸ ಕೇಳಿಕೊಂಡು ಸಂಸದರ ಕಚೇರಿಗೆ ಹೋಗುವ ಊರಿನ ಹಿರಿಯರು, ನೀರಿನ ಸಮಿತಿಯ ಹೆಂಗಸರು, ಕಾಲೇಜಿನ ಮಕ್ಕಳು ಜಲ ಸಂಪನ್ಮೂಲ ಸಮಿತಿಯ ಇಂಥ ಒಂದು ವರದಿಯ ನಾಲ್ಕು ಮತ್ತು ಐದನೇ ಅಧ್ಯಾಯಗಳ ಪ್ರತಿ ತೆಗೆದುಕೊಂಡು ಹೋಗಲಿ. ಸಮಿತಿ ಒಪ್ಪದ ಈ ಉತ್ತರದ ಬಗ್ಗೆ ನೀವು ಸದನದಲ್ಲಿ ಪ್ರಶ್ನೆ ಕೇಳಿದ್ದೀರಾ, ಮುಂದಿನ ಅಧಿವೇಶನದಲ್ಲಿ ಕೇಳುತ್ತೀರಾ ಎಂದು ವಿಚಾರಿಸಲಿ. ಗ್ರಾಮಸಭೆಯಲ್ಲೂ ಇದೇ ಕೆಲಸವಿದೆ: ಪ್ರತಿ ಮನೆಗೂ ನೀರು ಬರುತ್ತಿದೆ ಎಂದು ಊರಿಗೆ ಹರ್ ಘರ್ ಜಲ್ ಪ್ರಮಾಣಪತ್ರ ಸಿಗುವುದು ಗ್ರಾಮಸಭೆಯ ನಿರ್ಣಯದಿಂದ. ಮೇಲಿನ ಕೇರಿಯ ನಲ್ಲಿ ಒಣಗಿದ್ದರೆ ಆ ನಿರ್ಣಯಕ್ಕೆ ಕೈ ಎತ್ತುವ ಮುಂಚೆ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ನಾಳೆ ಲೆಕ್ಕಪರಿಶೋಧನೆಯ ತಂಡ ಊರಿಗೆ ಬಂದರೆ ತೆರೆದು ನೋಡುವ ದಾಖಲೆಗಳಲ್ಲಿ ಆ ಪುಸ್ತಕವೂ ಒಂದು.